ಎರಡು ನಿಮಿಷದ ಅಣವೀರಪ್ಪ

ಬಸ್ಸು ಮಹಾಗಾಂವ ಕ್ರಾಸ್ ದಾಟುವ ಹೊತ್ತಿಗೆ ಅಣವೀರಪ್ಪ ಆ ಹೆಣ್ಣುಮಗಳನ್ನು ಮನಸ್ಸಿನಲ್ಲೇ ಮೂರು ಸಲ ನಪಾಸು ಮಾಡಿಯಾಗಿತ್ತು. ಒಮ್ಮೆ ಆಕೆ ಸೀರೆ ಹಾಸುವಾಗ ಸೆರಗನ್ನು ಒಳಗೇ ಉಳಿಸಿಬಿಟ್ಟಿದ್ದಳು, ಇನ್ನೊಮ್ಮೆ ಗಿರಾಕಿಗೆ ನೀರು ಕೊಡುವುದನ್ನು ಮರೆತಿದ್ದಳು, ಮೂರನೆಯ ಸಲ ಏನು ತಪ್ಪು ಮಾಡಿದಳೆಂದು ಅವನಿಗೂ ಹೊಳೆದಿರಲಿಲ್ಲ, ಆದರೂ ನಪಾಸು ಮಾಡಿದ್ದ. ಆಕೆಯ ಮುಖವನ್ನು ಅವನಿನ್ನೂ ನೋಡಿರಲಿಲ್ಲ. ಹೆಸರು ಅಂಜನಾ, ಇದೇ ಮಹಾಗಾಂವದವಳು, ಎರಡು ಮಕ್ಕಳ ತಾಯಿ, ಕಮಲಾಪುರದಲ್ಲಿ ಅವನ ಸಾವಕಾರರು ಹೊಸದಾಗಿ ತೆರೆದ ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಸೀರೆ ತೋರಿಸುವ ಕೆಲಸಕ್ಕೆ ಸೇರಿದವಳು, ಇಷ್ಟು ಗೊತ್ತಿತ್ತು. ಇನ್ನೊಂದು ಸಂಗತಿಯೂ ಗೊತ್ತಿತ್ತು, ಅದೇ ಕಲಬುರಗಿ ಬಿಟ್ಟಾಗಿನಿಂದ ಅವನನ್ನು ಕೊರೆಯುತ್ತಿದ್ದದ್ದು. ಆಕೆ ಕೆಲಸ ಕಲಿತದ್ದು ಫೋನಿನಲ್ಲಿ, ಎರಡೆರಡು ನಿಮಿಷದ ಪಾಠಗಳಲ್ಲಿ. ಆ ಪಾಠಗಳಲ್ಲಿ ಮಾತಾಡುವ ಮನುಷ್ಯ ಅಣವೀರಪ್ಪನೇ.

ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ದೊಡ್ಡ ಅಂಗಡಿಯಲ್ಲಿ ಸೀರೆ ಬಿಚ್ಚಿ ಮಡಚುತ್ತಲೇ ಅವನ ಕೂದಲು ಬೆಳ್ಳಗಾಗಿತ್ತು. ಹೊಸಬರು ಯಾರೇ ಬರಲಿ, ಮೊದಲ ವಾರ ಅವರು ಅಣವೀರಪ್ಪನ ಪಾಲು. ಅದಕ್ಕೆ ವಾರದ ಪಾಠ ಎಂದೇ ಹೆಸರು ಬಿದ್ದಿತ್ತು. ಸೀರೆಯ ಮಡಿಕೆಯಿಂದ ಶುರುವಾದ ಪಾಠ ರೇಷ್ಮೆ ಹುಳಕ್ಕೆ ಹೋಗಿ, ಅಲ್ಲಿಂದ ಇಳಕಲ್ಲಿಗೆ ಹೋಗಿ, ಇಳಕಲ್ಲಿಗೆ ಹೋಗುವಾಗ ಒಮ್ಮೆ ಬಸ್ಸು ಕೆಟ್ಟು ನಿಂತದ್ದಕ್ಕೆ ಹೋಗಿ, ಆ ಬಸ್ಸಿನ ಡ್ರೈವರನ ಎರಡನೇ ಮದುವೆಗೆ ಹೋಗಿ, ಚಾ ಬಂದಾಗ ಹೇಗೋ ತಿರುಗಿ ಮಡಿಕೆಗೆ ಬಂದು ಸೇರುತ್ತಿತ್ತು. ವಾರ ಮುಗಿದ ದಿನ ಹೊಸಬರು ಅವನ ಕಾಲು ಮುಟ್ಟಿ ಉಸ್ತಾದ್ ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಅವನು ಸಿಟಿ ಬಸ್ಸು ಹತ್ತದೆ ಶಹಾಬಜಾರದ ಮನೆಯವರೆಗೂ ನಡೆದುಕೊಂಡೇ ಹೋಗುತ್ತಿದ್ದ, ಖುಷಿ ಬೇಗ ಮುಗಿಯದಿರಲಿ ಎಂದು. ಹೀಗಿರುವಾಗ ಸಾವಕಾರ ದೌಲಪ್ಪನವರ ಸೊಸೆ ಸುಷ್ಮಿತಾ ಅಂಗಡಿಯ ಉಸಾಬರಿ ಕೈಗೆ ತೆಗೆದುಕೊಂಡಳು. ಒಳ್ಳೆಯ ಹುಡುಗಿ, ಓದಿದವಳು, ಕಾಕಾ ಎಂದು ಬಾಯಿತುಂಬ ಕರೆಯುವವಳು. ಒಂದು ದಿನ ಎಲ್ಲರ ಎದುರಿಗೆ, ನಗುನಗುತ್ತಲೇ, “ಕಾಕಾ, ಹೋದ ತಿಂಗಳು ರೇವಣಗ ವಾರದ ಪಾಠ ಹೇಳಿದ್ರಿ. ಏನು ಕಲತೀಯಪಾ ಅಂತ ನಿನ್ನೆ ನಾ ಕೇಳಿದೆ. ಏನಂದ ಗೊತ್ತದೇನ್ರಿ? ಆ ಡ್ರೈವರಗ ಇಬ್ಬರು ಹೆಂಡ್ರು ಅಂದ” ಎಂದಳು. ಅಂಗಡಿಗೆ ಅಂಗಡಿಯೇ ನಕ್ಕಿತು. ರೇವಣನೂ ನಕ್ಕ, ಲಫಂಗ. ಅಣವೀರಪ್ಪನೂ ನಕ್ಕ, ನಗದೆ ಬೇರೆ ದಾರಿ ಇರಲಿಲ್ಲ.

ಆಮೇಲೆ ಅವಳು ಅವನನ್ನು ಗಾದಿಯ ಮೇಲೆ ಕೂರಿಸಿ, ಎದುರಿಗೆ ಫೋನು ನಿಲ್ಲಿಸಿ, ಆಯೇರಿ ಸೀರೆಯ ಬಗ್ಗೆ ಹೇಳ್ರಿ ಎಂದಳು. ಆಯೇರಿ ಎಂದರೆ ಸಾಮಾನ್ಯ ಮಾತೇ? ಮದುವೆ ಮನೆಯವರು ನೆಂಟರಿಷ್ಟರಿಗೆಲ್ಲ ಉಡುಗೊರೆಯಾಗಿ ಕೊಡುವ ಸೀರೆ. ಅತ್ತೆಗೊಂದು ತೂಕ, ನಾದಿನಿಗೊಂದು ತೂಕ, ಓಣಿಯವರಿಗೊಂದು ತೂಕ. ತೂಕ ತಪ್ಪಿದರೆ ಹಂದರದಲ್ಲಿ ಶುರುವಾದ ಜಗಳ ಮೊಮ್ಮಗನ ತೊಟ್ಟಿಲ ತನಕ ನಡೆಯುತ್ತದೆ. ಅಣವೀರಪ್ಪ ಒಂದು ತಾಸು ನಲವತ್ತು ನಿಮಿಷ ಹೇಳಿದ. ಎರಡು ಸಲ ಅವನಿಗೇ ಕಣ್ಣು ತೇವವಾಯಿತು. ಎಂಟು ದಿನದ ಮೇಲೆ ಆ ಪಾಠ ಎಲ್ಲರ ಫೋನಿಗೆ ಬಂದಾಗ ಅದರಲ್ಲಿದ್ದದ್ದು ಎರಡು ನಿಮಿಷ. “ನಾದಿನಿಗೆ ತೆಗೆಯೂ ಸೀರಿ ನಾದಿನಿ ಎದುರಿಗೇ ತೆಗೀತಾರ. ಅದಕ್ಕ, ಇದು ಯಾರಿಗಂತ ಎಂದೂ ಕೇಳಬ್ಯಾಡ್ರಿ. ಎಷ್ಟು ಮಂದಿಗಂತ ಕೇಳ್ರಿ.” ಇಷ್ಟೇ. ಆಮೇಲೆ ಒಂದು ಪ್ರಶ್ನೆ, ಸರಿಯಾಗಿ ಒತ್ತಿದರೆ ಟಣ್ ಎಂದು ಒಂದು ಹಳದಿ ಹೂವು. ಮಿಕ್ಕಿದ್ದು ಎಲ್ಲಿ ಹೋಯಿತವ್ವಾ ಎಂದು ಕೇಳಿದ್ದಕ್ಕೆ ಸುಷ್ಮಿತಾ, “ಎಲ್ಲಾ ಇಟ್ಟೀನ್ರಿ ಕಾಕಾ, ಅದರಾಗಿಂದನ ಇನ್ನೂ ಪಾಠ ತೆಗಿಯಾಕತ್ತೀನಿ. ಒಂದು ಪಾಠದಾಗ ಒಂದೇ ಮಾತು” ಎಂದಳು. ಆಯೇರಿಯ ಆ ಪಾಠವೊಂದನ್ನು ಬಿಟ್ಟು ಅವನು ಬೇರೆ ಯಾವ ಪಾಠವನ್ನೂ ನೋಡಲಿಲ್ಲ. ಐದು ಬಂತು, ಆರು ಬಂತು, ಸಿಟ್ಟಿನಿಂದ ನೋಡಲಿಲ್ಲ. ಲೆಕ್ಕ ಬರೆಯುವ ಮೌನೇಶ ಅವನಿಗೆ ಎರಡು ನಿಮಿಷದ ಅಣವೀರಪ್ಪ ಎಂದು ಹೆಸರಿಟ್ಟ. ಮನೆಗೂ ಆ ಹೆಸರು ಮುಟ್ಟಿತು. ಹೆಂಡತಿ ರಾಜೇಶ್ರೀ ಯಾರದೋ ಫೋನಿನಲ್ಲಿ ಆ ಪಾಠ ನೋಡಿ ಬಂದು, ರೊಟ್ಟಿ ಬಡಿಯುತ್ತ, ತಲೆ ಎತ್ತದೆ, “ಫೋನಿನಾಗಿನಾಂವ ಛಲೋ ಇದ್ದಾನ್ರಿ. ಎರಡು ನಿಮಿಷರೆ ಮಾತಾಡ್ತಾನ. ನನ್ನ ಪಾಲಿಗೆ ಬಂದಾಂವ ಹೂಂ ಅಂತಾನ, ಹಾಂ ಅಂತಾನ, ಉಂಡು ಮಕ್ಕೋತಾನ” ಎಂದಳು. ಅವನು ಹೂಂ ಎಂದ.

ಈಗ ಬಸ್ಸಿನ ಕಿಟಕಿಯಾಚೆ ತೊಗರಿ ಹೊಲಗಳು ಸರಿಯುತ್ತಿದ್ದಾಗ ಅವನಿಗೆ ನಿನ್ನೆ ಸುಷ್ಮಿತಾ ಹೇಳಿದ್ದೇ ಕಿವಿಯಲ್ಲಿ ಕೂತಿತ್ತು. “ಕಾಕಾ, ಒಂದಿನ ಹೋಗಿ ಸುಮ್ಮನ ಕೂತು ನೋಡ್ರಿ. ಏನೂ ಹೇಳಿಕೊಡಬ್ಯಾಡ್ರಿ. ಸಂಜೀಕ ಫೋನ್ ಮಾಡಿ ಹೇಳ್ರಿ, ಕಮಲಾಪುರಕ್ಕ ವಾರದ ಪಾಠ ಬೇಕೋ ಬ್ಯಾಡೋ. ಬ್ಯಾಡ ಅಂದ್ರ ಇನ್ನ ಮುಂದ ಎಲ್ಲಾ ಅಂಗಡಿಗೂ ಈ ಸಣ್ಣ ಪಾಠನ ಸಾಕು. ನೀವು ಏನಂತೀರಿ ಅದೇ ಕಾಯಂ.” ನೀವು ಏನಂತೀರಿ ಅದೇ ಕಾಯಂ! ಬೇರೆ ಯಾರಾದರೂ ತೀರ್ಮಾನ ಮಾಡಿದ್ದರೆ ಬೈದುಕೊಂಡು ತಿರುಗಬಹುದಿತ್ತು. ಕತ್ತರಿಯನ್ನು ಅವನ ಕೈಗೇ ಕೊಟ್ಟು ನಿನ್ನ ಸೆರಗು ನೀನೇ ಕತ್ತರಿಸು ಅಂದಂತಾಗಿತ್ತು. ಆ ಹೆಣ್ಣುಮಗಳು ಒಂದೇ ಒಂದು ತಪ್ಪು ಮಾಡಲಿ, ಜಾಸ್ತಿ ಬೇಡ, ಕಣ್ಣಿಗೆ ಕಾಣುವಂಥದ್ದು ಒಂದು. ವಾರದ ಪಾಠ ಉಳಿಯುತ್ತದೆ, ಉಸ್ತಾದ್ ಉಳಿಯುತ್ತಾನೆ. ಮುಖ ನೋಡದವರ ಕೆಟ್ಟದ್ದನ್ನು ಬಯಸುತ್ತಿದ್ದೇನೆ ಎಂದು ಅವನಿಗೆ ನಾಚಿಕೆಯಾಯಿತು. ನಾಚಿಕೆಪಡುತ್ತಲೇ ಇನ್ನೊಂದು ಸಲ ನಪಾಸು ಮಾಡಿದ.

ಕಮಲಾಪುರದಲ್ಲಿ ಇಳಿದು, ಕೆಂಪು ಬಾಳೆಹಣ್ಣಿನ ಬಂಡಿಗಳ ನಡುವೆ ದಾರಿ ಮಾಡಿಕೊಂಡು ಅಂಗಡಿ ಹೊಕ್ಕರೆ ಅಂಜನಾ ಗಾದಿಯಿಂದ ಎದ್ದು ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಮೂವತ್ತರ ಆಸುಪಾಸಿನ ಗಟ್ಟಿ ಹೆಣ್ಣು. “ಅಯ್ಯ, ಫೋನಿನಾಗ ಎತ್ತರ ಕಾಣ್ತಿದ್ರಲ್ರಿ ಸರ್!” ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು. ಅಣವೀರಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತ. ಬೆಳಗಿನಿಂದ ಮಧ್ಯಾಹ್ನದ ತನಕ ಕೂತೇ ಇದ್ದ. ಆಕೆ ಬಂದವರಿಗೆ ನೀರು ಕೊಟ್ಟಳು. ಸೆರಗು ಮೇಲೆ ಬರುವಂತೆಯೇ ಹಾಸಿದಳು. ಗಿರಾಕಿ ಮೊದಲು ಮುಟ್ಟಿದ ಸೀರೆಯನ್ನು ಕೈಯಳತೆಯಲ್ಲೇ ಉಳಿಸಿ ಮಿಕ್ಕವನ್ನು ತೋರಿಸಿದಳು. ಅದು ಅವನದೇ ಕಲೆ, ಇಂಥದ್ದನ್ನು ಅವನು ರೇವಣನಿಗೆ ಎರಡು ದಿನ ಹೇಳಿದ್ದ. ಗಿರಾಕಿ ಇಲ್ಲದಾಗ ಆಕೆ ಗೋಡೆಗೆ ಒರಗಿ ಫೋನು ತೆಗೆಯುತ್ತಿದ್ದಳು. ಅವನ ಧ್ವನಿ ಸಣ್ಣಗೆ ಕೇಳಿಸುತ್ತಿತ್ತು, ಟಣ್ ಎನ್ನುತ್ತಿತ್ತು, ಆಕೆ ಫೋನು ಒಳಗಿಡುತ್ತಿದ್ದಳು. ತನ್ನ ದನಿಯನ್ನು ಹೀಗೆ ಇನ್ನೊಬ್ಬರು ಕೈಯಲ್ಲಿ ಹಿಡಿದು, ಶೇಂಗಾದಂತೆ ಒಂದೊಂದೇ ಬಾಯಿಗೆ ಹಾಕಿಕೊಳ್ಳುವುದನ್ನು ನೋಡುತ್ತ ಕೂತಿದ್ದ ಅಣವೀರಪ್ಪನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು, ಅದೂ ಆ ಫೋನಿನಾಗಿನ ಅಣವೀರಪ್ಪನ ಮೇಲೆ.

ಊಟದ ಹೊತ್ತು ಕಳೆದ ಮೇಲೆ ಕಸ್ತೂರಿಬಾಯಿ ಬಂದಳು. ಮಹಾಗಾಂವದ ಒಕ್ಕಲುತನದ ದೊಡ್ಡ ಮನೆಯಾಕೆ, ಮಗಳ ಲಗ್ನ ಗೊತ್ತಾಗಿತ್ತು. ಜತೆಗೆ ನಾದಿನಿ, ಗಂಡನ ಅಕ್ಕ ಪುತಳಾಬಾಯಿ, ವಯಸ್ಸಾದ ಹೆಂಗಸು, ಕೂರುವ ಮೊದಲೇ ಎರಡು ಸೀರೆಯ ದಡಿ ಹಿಚುಕಿ ನೋಡಿಯಾಗಿತ್ತು. “ಆಯೇರಿ ಸೀರಿ ತೋರಸವಾ” ಎಂದಳು ಕಸ್ತೂರಿಬಾಯಿ. ಅಣವೀರಪ್ಪ ಸ್ಟೂಲಿನ ತುದಿಗೆ ಬಂದ. ಬಂತು ನೋಡು, ಈಗ ಯಾರಿಗೆಂದು ಕೇಳುತ್ತಾಳೆ.

“ಎಷ್ಟು ಮಂದಿಗ್ರಿ?” ಎಂದಳು ಅಂಜನಾ.

ಕಸ್ತೂರಿಬಾಯಿಯ ಮುಖದ ಬಿಗಿ ಸಡಿಲಾಯಿತು. “ಒಂದ ಇಪ್ಪತ್ತು ಮಂದಿಗೆ ನೋಡವಾ. ಒಂದಿಷ್ಟು ಹಿಂಗ, ಒಂದಿಷ್ಟು ಹಂಗ,” ಎಂದು ನಾದಿನಿಗೆ ಕಾಣದಂತೆ ಕೈಯನ್ನು ಒಮ್ಮೆ ಕೆಳಗೆ, ಒಮ್ಮೆ ಮೇಲೆ ಮಾಡಿ ತೋರಿಸಿದಳು. ಅಂಜನಾ ಎರಡು ಗುಂಪು ಮಾಡತೊಡಗಿದಳು, ಎಡಕ್ಕೆ ಹಗುರದ್ದು, ಬಲಕ್ಕೆ ಭಾರದ್ದು. ಯಾರ ಹೆಸರೂ ಇಲ್ಲ, ಯಾರ ತಂಟೆಯೂ ಇಲ್ಲ. ಕೆಲಸ ನೀರು ಹರಿದಂತೆ ಹರಿಯುತ್ತಿತ್ತು, ಸ್ಟೂಲಿನ ಮೇಲೆ ಅಣವೀರಪ್ಪ ಒಣಗುತ್ತಿದ್ದ. ಆಗ ಪುತಳಾಬಾಯಿ ಒಂದು ಸೀರೆಗೆ ಬೆರಳು ತಿಕ್ಕುತ್ತ, “ಒಗದ್ರ ಬಣ್ಣ ಬಿಡ್ತದೇನು ಇದು?” ಎಂದಳು. “ಮೊದಲನೇ ಸಲ ಉಪ್ಪನೀರಾಗ ಅದ್ದ್ರಿ, ಬಿಡಂಗಿಲ್ಲ” ಎಂದಳು ಅಂಜನಾ. ಇಷ್ಟೇ! ಬಣ್ಣದ ಬಗ್ಗೆ ಅವನ ಹತ್ತಿರ ಮುಕ್ಕಾಲು ತಾಸಿನ ಮಾತಿತ್ತು. ಬಣ್ಣ ಕಾಸುವ ಹಂಡೆಯಿತ್ತು, ಹಂಡೆಯಲ್ಲಿ ಬಿದ್ದ ಕೋಳಿಯಿತ್ತು, ವಾರಗಟ್ಟಲೆ ಊರಲ್ಲಿ ತಿರುಗಿದ ಗುಲಾಬಿ ಕೋಳಿ. ಸುಮ್ಮನೆ ಕೂತು ನೋಡ್ರಿ ಎಂದ ಸುಷ್ಮಿತಾಳ ಮಾತು ನೆನಪಾಯಿತು. ನೆನಪಾಗುವಷ್ಟರಲ್ಲಿ ಅವನು ಗಾದಿಯ ಮೇಲೆ ಕೂತಾಗಿತ್ತು.

“ನಾ ಹೇಳ್ತೀನ್ರಿ ಅವ್ವಾ, ಬಣ್ಣ ಅಂದ್ರ ಏನಂತ,” ಎಂದು ಶುರು ಮಾಡಿದ. ಹಂಡೆ ಹೇಳಿದ, ಕೋಳಿ ಹೇಳಿದ. ಪುತಳಾಬಾಯಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆ ನಗು ಕೇಳಿ ಅವನಿಗೆ ಹತ್ತು ವರ್ಷ ಕಡಿಮೆಯಾಯಿತು. ಆಹಾ, ಈಗ ನೋಡಲಿ ಈಕೆ, ಗಿರಾಕಿಯನ್ನು ಕೂರಿಸಿಕೊಳ್ಳುವುದು ಹೇಗೆ ಅಂತ. ಕೈ ತಾನಾಗಿ ಎಡಗಡೆಯ ಗುಂಪಿನಿಂದ ಬದನೆಕಾಯಿ ಬಣ್ಣದ್ದೊಂದು ಸೀರೆ ಎತ್ತಿ, ಬಿಚ್ಚಿ, ಸೆರಗನ್ನು ತನ್ನ ಹೆಗಲ ಮೇಲೇ ಹಾಕಿಕೊಂಡಿತು. “ನೋಡ್ರಿ, ಉಟ್ಟವರ ಮುಖಕ್ಕ ಕಳಾ ಬರ್ತದ. ಛಲೋ ಆರಿಸೀರಿ ಬಿಡ್ರಿ. ಇದು ಯಾರಿಗ್ರಿ?”

ಮಾತು ಹೊರಬಿದ್ದದ್ದು ಅವನಿಗೇ ಕೇಳಿಸಿತು. ಕಸ್ತೂರಿಬಾಯಿಯ ಕಣ್ಣು, ಆಕೆ ತಡೆಯುವುದರೊಳಗೆ, ಪುತಳಾಬಾಯಿಯತ್ತ ಹೋಗಿ ತಿರುಗಿ ಬಂತು. ಅಷ್ಟು ಸಾಕಾಯಿತು. ಪುತಳಾಬಾಯಿ ಬಾಯಿಂದ ಸೆರಗು ತೆಗೆದಳು. ಎಡಗಡೆಯ ಗುಂಪು ಓಣಿಯವರದು, ದೂರದವರದು ಎಂದು ಆಕೆಗೆ ಆಗಲೇ ತಿಳಿದಿತ್ತು. “ನನಗೇನು?” ಎಂದಳು, ಮೆಲ್ಲಗೆ. “ಕಸ್ತೂರಿ, ಇದು ನನಗೇನವಾ?” ಬೈದಿದ್ದರೆ ಪರವಾಗಿರಲಿಲ್ಲ, ಆ ಮೆಲುದನಿಯನ್ನು ಕೇಳಲಾಗುತ್ತಿರಲಿಲ್ಲ.  ಇದೊಂದೇ ಮಾತು ಕೇಳಬೇಡಿ ಎಂದು ತಾನೇ ಎಲ್ಲರ ಫೋನಿನಲ್ಲಿ ಕೂತು ಹೇಳಿದವನು, ಹೆಣ್ಣುಮಕ್ಕಳ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು, ಸರ್ಕಸ್ಸಿನ ಜೋಕರನಂತೆ ಕೂತಿದ್ದ. 

ಅಂಜನಾ ತಲೆ ಎತ್ತಲಿಲ್ಲ. ಇನ್ನೊಂದು ಸೀರೆ ಮಡಚುತ್ತಲೇ, “ಸರ್, ಅದು ನಿಮ್ದ್ರಿ” ಎಂದಳು.

“ನಂದೇನು?”

“ಮುಂಜಾನೆ ಬಂದ ಕೂಡ್ಲೇ ನಿಮ್ಮ ಮನೀಯವರಿಗಂತ ನೀವೇ ತೆಗೆದು ಇಟ್ರಲ್ರಿ. ಇದರಾಗ ಕೂಡೇದ. ಮರತ್ರೇನು?”

ಎಲ್ಲರೂ ಅವನ ಕಡೆ ನೋಡಿದರು. ಅಣವೀರಪ್ಪನಿಗೆ ಅರ್ಥವಾಯಿತು, ಚೆನ್ನಾಗಿಯೇ ಅರ್ಥವಾಯಿತು. ಬಸ್ಸಿನಲ್ಲಿ ಬೇಡಿಕೊಂಡು ಬಂದದ್ದು ಈಗ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಏನಂತೀಯವಾ, ನಾ ಎಲ್ಲಿ ತೆಗೆದಿಟ್ಟಿದ್ದೆ, ಎಂದರೆ ಆಯಿತು. ಆಕೆ ಗಿರಾಕಿಯ ಎದುರು ಸುಳ್ಳಿಯಾಗುತ್ತಾಳೆ, ಜಗಳವಾಗುತ್ತದೆ, ಸಂಜೆಗೆ ಒಂದು ಫೋನು, ವಾರದ ಪಾಠ ಉಳಿಯುತ್ತದೆ. ಆದರೆ ಹೌದು ಎಂದರೆ? ಸೀರೆಯಲ್ಲೇ ಮುದುಕನಾದವನು ಕಟ್ಟಿಕೊಂಡವಳಿಗೆ ಓಣಿಯವರಿಗೆ ಹಂಚುವ ಸೀರೆ ಒಯ್ಯುತ್ತಾನೆ ಎಂದಾಗುತ್ತದೆ. ಮಹಾಗಾಂವಕ್ಕೆಲ್ಲ ಗೊತ್ತಾಗುತ್ತದೆ, ಮಹಾಗಾಂವಕ್ಕೆ ಗೊತ್ತಾದರೆ ಸೂಪರ್ ಮಾರ್ಕೆಟ್ಟಿಗೆ ಗೊತ್ತಾಗುತ್ತದೆ, ಮೌನೇಶ ಹೊಸ ಹೆಸರು ಇಡುತ್ತಾನೆ. ಪುತಳಾಬಾಯಿ ಅವನನ್ನೇ ನೋಡುತ್ತಿದ್ದಳು. ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಇವನು ಹೌದು ಎನ್ನಲಿ ಎಂಬ ಆಸೆ ಇತ್ತು, ಸಣ್ಣ ಮಕ್ಕಳಲ್ಲಿ ಇರುವಂಥದ್ದು.

“ಹೌದ್ ನೋಡ್ರಿ,” ಎಂದ ಅಣವೀರಪ್ಪ. “ಮರತೇ ಬಿಟ್ಟಿದ್ದೆ. ನಮ್ಮಾಕಿಗೆ.”

ಪುತಳಾಬಾಯಿಗೆ ಜೀವ ಬಂದಂತಾಯಿತು. “ಏನ್ ಗಂಡಸೋ ಮಾರಾಯ ನೀ! ಸೀರಿ ಅಂಗಡ್ಯಾಗ ಕೂತು ಹೆಂಡತಿಗೆ ಇಂಥಾದ್ದು ಒಯ್ತೀಯಾ? ಆಕಿ ನಿನಗ ಏನು ಮಾಡ್ಯಾಳ ಪಾಪ?” ಎಂದು ಶುರು ಮಾಡಿದವಳು ನಿಲ್ಲಿಸಲಿಲ್ಲ. ಕಸ್ತೂರಿಬಾಯಿ ಕಣ್ಣೀರು ಬರುವಷ್ಟು ನಕ್ಕಳು, ಆ ನಗುವಿನಲ್ಲಿ ಅರ್ಧ ಪಾರಾದ ಖುಷಿಯೇ ಇತ್ತು. “ಅಕ್ಕಾ, ನಿಮ್ಮದು ಈ ಕಡೀಲಿಂದ. ನೀವೇ ಆರಿಸ್ರಿ, ನನಗೇನು ತಿಳೀತದ” ಎಂದು ಬಲಗಡೆಯ ಗುಂಪನ್ನೇ ನಾದಿನಿಯ ಮಡಿಲಿಗೆ ನೂಕಿದಳು. ಪುತಳಾಬಾಯಿ ಹಸಿರು ಇಳಕಲ್ಲು ಆರಿಸಿಕೊಂಡಳು. ಆಮೇಲೂ ಅವನನ್ನು ಬಿಡಲಿಲ್ಲ. ಅವನ ಸೀರೆ ಕಟ್ಟಿ, ಬಿಲ್ಲು ಮಾಡಿ, ಕೈಗೆ ಕೊಡುವ ತನಕ ನಿಂತು ನೋಡಿ ಹೊರಬಿದ್ದಳು.

ಅಂಗಡಿ ಖಾಲಿಯಾದ ಮೇಲೆ ಅಂಜನಾ ಅವನಿಗೆ ಒಂದು ಗ್ಲಾಸು ನೀರು ತಂದಿಟ್ಟಳು. “ಸಿಟ್ಟಾದ್ರೇನ್ರಿ ಸರ್?”

“ಅದು ಹೆಂಗ ಹೊಳೀತವಾ ನಿನಗ?”

“ಆರನೇ ಪಾಠ್ರಿ. ಗಿರಾಕಿ ಮುಖ ಸಣ್ಣದಾಗೂ ಹೊತ್ತಿಗೆ ಅಂಗಡಿಯವರು ತಮ್ಮ ಮುಖ ಸಣ್ಣದು ಮಾಡ್ಕೋಬೇಕು, ಅಂದ್ರ ಗಿರಾಕಿ ಉಳೀತದ. ನೀವೇ ಹೇಳೀರಲ್ರಿ.” ಗಾದಿಯ ಮೇಲಿನ ಸೀರೆ ಒಟ್ಟುತ್ತ, “ಖರೆ ಅಂದ್ರ ನನ್ನ ಮುಖಾನ ಸಣ್ಣದಾಗಬೇಕಿತ್ರಿ. ಆದ್ರ ಸೀರಿ ನಿಮ್ಮ ಹೆಗಲ ಮ್ಯಾಲಿತ್ತು” ಎಂದಳು.

ಅಣವೀರಪ್ಪ ನೀರು ಕುಡಿದ. ಹಾಗೆ ತಾನು ಎಂದು ಹೇಳಿದ್ದು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಕಲಬುರಗಿಯ ಬಸ್ಸಿನಲ್ಲಿ ಕಸ್ತೂರಿಬಾಯಿ, ಪುತಳಾಬಾಯಿ ಇಬ್ಬರೂ ಇದ್ದರು, ಇರಲೇಬೇಕಲ್ಲ. ಸೀರೆಯನ್ನು ಅಂಗಡಿಯಲ್ಲೇ ಬಿಟ್ಟು ಬರುವ ಯೋಚನೆ ಮಾಡಿದ್ದವನು ಕಟ್ಟನ್ನು ತೊಡೆಯ ಮೇಲೆ ಎದ್ದು ಕಾಣುವಂತೆ ಇಟ್ಟುಕೊಂಡ. ಮಹಾಗಾಂವ ಕ್ರಾಸಿನಲ್ಲಿ ಇಳಿಯುವಾಗ ಪುತಳಾಬಾಯಿ ಅವನ ಸೀಟಿನ ಬಳಿ ನಿಂತು, “ಕೊಟ್ಟ ಮ್ಯಾಲೆ ಆಕಿ ಏನಂದ್ರೂ ಅನ್ನಿಸ್ಕೋ, ತಿರುಗಿ ಮಾತಾಡಬ್ಯಾಡ” ಎಂದು ಅರ್ಧ ಬಸ್ಸಿಗೆ ಕೇಳುವಂತೆ ಹೇಳಿ ಇಳಿದಳು. ಬಸ್ಸು ಹೊರಟ ಮೇಲೆ ಅವನು ಕಿಟಕಿಯ ಕಡೆ ತಿರುಗಿ, ಕಳ್ಳತನ ಮಾಡುವವನಂತೆ ಫೋನು ತೆಗೆದು ಆರನೇ ಪಾಠ ಒತ್ತಿದ. ಗಾದಿಯ ಮೇಲೆ ಕೂತ ಒಬ್ಬ ಮನುಷ್ಯ ಕಾಣಿಸಿದ. ಅವನ ಹಿಂದೆ ಮುಂದೆ ಡ್ರೈವರನಿಲ್ಲ, ಹಂಡೆಯಿಲ್ಲ, ಕೋಳಿಯಿಲ್ಲ. ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ ಮಾತಾಡುತ್ತಿದ್ದ. ಫೋನಿನೆದುರು ಕೂತ ದಿನ ತೇವವಾದ ಕಣ್ಣು ಒರೆಸಿಕೊಂಡ ಗಳಿಗೆ ಅದೆಂದು ಈಗ ನೆನಪಾಯಿತು. ಅದಕ್ಕೂ ಮೊದಲು, ಎರಡನೇ ಹೆಂಡತಿಗೆ ಸೀರೆ ತೆಗೆಯಲು ಬಂದ ದಿನ ಡ್ರೈವರನ ಮುಖ ಸಣ್ಣದಾದ ಕತೆ ಹೇಳಿ, ಅದರ ಬಾಲಕ್ಕೆ ಹೀಗೊಂದು ಮಾತು ಅಂಟಿಸಿದ್ದ. ಅವನಿಗೇ ಗೊತ್ತಿಲ್ಲದೆ ಅಲ್ಲಿ ಬಿದ್ದಿದ್ದ ಮಾತನ್ನು ಸುಷ್ಮಿತಾ ಒಂದು ತಾಸು ನಲವತ್ತು ನಿಮಿಷ ಕೂತು ಕೇಳಿ ಹೆಕ್ಕಿ ತೆಗೆದಿದ್ದಳು. ಅಂದರೆ ಪೂರ್ತಿ ಕೇಳಿದವರು ಒಬ್ಬರಾದರೂ ಇದ್ದಾರೆ! ಫೋನಿನೊಳಗಿನ ಈ ಮನುಷ್ಯ ಇಷ್ಟು ಶಾಣ್ಯಾ ಎಂದು ಅವನಿಗೆ ಗೊತ್ತಿರಲಿಲ್ಲ. ಪ್ರಶ್ನೆ ಬಂತು. ಒತ್ತಿದ. ಟಣ್ ಎಂದು ಹಳದಿ ಹೂವು ಅರಳಿದಾಗ ನಾಚಿಕೆಯಿಲ್ಲದೆ ಖುಷಿಪಟ್ಟ.

ಅದೇ ಖುಷಿಯಲ್ಲಿ, ಮನಸ್ಸು ಬದಲಾಗುವ ಮೊದಲು, ಸುಷ್ಮಿತಾಗೆ ಫೋನು ಹಚ್ಚಿದ. “ಅವ್ವಾರ, ತಪ್ಪು ನಾ ಮಾಡಿದೆ, ಆಕಿ ತಿದ್ದಿದಳು. ಕಮಲಾಪುರಕ್ಕ ವಾರದ ಪಾಠ ಬ್ಯಾಡ್ರಿ.”

 “ಮತ್ತ, ಕಾಕಾ?” ಎಂದಳು ಸುಷ್ಮಿತಾ.

“ಮತ್ತೇನಿಲ್ರಿ.”

“ಅಯ್ಯ, ನೀವು ಫೋನ್ ಮಾಡೀರಂತ ನಾ ಚಾ ತರಿಸಿಕೊಂಡು ಆರಾಮ ಕೂತೀನ್ರಿ!”

ಅವನು ನಕ್ಕು ಇಟ್ಟುಬಿಟ್ಟ. ಇಟ್ಟ ಮೇಲೆ ದುಃಖ ಬಂತು. ಇನ್ನು ಯಾರೂ ಕಾಲು ಮುಟ್ಟುವುದಿಲ್ಲ, ಉಸ್ತಾದ್ ಎನ್ನುವುದಿಲ್ಲ. ಗುಲಾಬಿ ಕೋಳಿ, ಇಳಕಲ್ಲಿನ ಬಸ್ಸು, ಇಷ್ಟೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡು ಏನು ಮಾಡುವುದು? ಬಸ್ ಸ್ಟ್ಯಾಂಡಿನಲ್ಲಿ ಇಳಿದವನು ಮನೆಯವರೆಗೂ ನಡೆದೇ ಹೋದ, ಈ ಸಲ ಖುಷಿಗಲ್ಲ.

ರಾಜೇಶ್ರೀ ಅಡುಗೆ ಮನೆಯಲ್ಲಿ ಗ್ಯಾಸಿನ ಮೇಲೆ ಬೇಳೆ ಇಟ್ಟು ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದಳು. ಅವನು ಕಟ್ಟನ್ನು ಪಕ್ಕದಲ್ಲಿಟ್ಟ. ಆಕೆ ಕೈ ಒರೆಸಿಕೊಂಡು ಬಿಚ್ಚಿದಳು. ಸೀರೆಯವನ ಹೆಂಡತಿ, ದಡಿಗೆ ಬೆರಳು ಹಾಕಿದ ಕೂಡಲೇ ಯಾವ ಗುಂಪಿನದೆಂದು ತಿಳಿದಿರಬೇಕು. ಅವನ ಮುಖ ನೋಡಿದಳು, ಸೀರೆ ನೋಡಿದಳು, ತಿರುಗಿ ಅವನ ಮುಖ ನೋಡಿದಳು.

“ಇದು ಯಾರಿಗ್ರಿ?”

ಹೂಂ ಎನ್ನಲು ಬಾಯಿ ತೆರೆದಿದ್ದ.  ಅದನ್ನು ನುಂಗಿ, ಅಂಗಿಯ ತೋಳು ಮಡಚಿ, ಆಕೆಯ ಎದುರಿಗೆ ನೆಲಕ್ಕೆ ಕೂತು, ಪುಂಡಿಪಲ್ಯದ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡ.

“ಗ್ಯಾಸ್ ಆರಿಸು. ಇದು ಎರಡು ನಿಮಿಷದಾಗ ಮುಗಿಯೂದಲ್ಲ.”

ರಾಜೇಶ್ರೀ ಅವನನ್ನೇ ನೋಡುತ್ತ ಗ್ಯಾಸು ಆರಿಸಿ ಬಂದು ಕೂತಳು. ಸೀರೆ ಇನ್ನೂ ಆಕೆಯ ತೊಡೆಯ ಮೇಲಿತ್ತು.

“ಮುಂಜಾನೆ ಬಸ್ಸು ಮಹಾಗಾಂವ ಕ್ರಾಸ್ ದಾಟೂದರಾಗ,” ಎಂದು ಶುರು ಮಾಡಿದ ಅಣವೀರಪ್ಪ, “ನಾ ಒಬ್ಬಾಕಿ ಹೆಣ್ಣುಮಗಳಿಗೆ ಮೂರು ಸಲ ನಪಾಸ್ ಮಾಡಿದ್ದೆ.”

“ಯಾಕ್ರಿ?” ಎಂದಳು ರಾಜೇಶ್ರೀ, ಇನ್ನಷ್ಟು ಹತ್ತಿರ ಸರಿದು.